ನಾಗರಬಾವಿಯ ಉಪ್ಪುನೀರಿನ ತೊಟ್ಟಿಯಲ್ಲಿ ಪಾಚಿ ಮತ್ತು ಅನಧಿಕೃತ ವಾಸಿಗಳು: ಒಂದು ಅಧ್ಯಯನ

ಅಧ್ಯಾಯ 1: ಪೀಠಿಕೆ ಮತ್ತು ಕ್ಷೇತ್ರ ಪರಿಚಯ

‘ಒಂದು ಅಧ್ಯಯನ’ ಎಂದು ಮುಗಿಯದ ಶೀರ್ಷಿಕೆಗೆ ಕನ್ನಡ ಸಂಶೋಧನಾ ಲೋಕದಲ್ಲಿ ಮೋಕ್ಷವಿಲ್ಲ. ಎರಡು ಅಧ್ಯಯನಗಳನ್ನು ಒಟ್ಟಿಗೆ ಮಾಡಿದೆನೆಂದು ಹೇಳಿಕೊಂಡವರೂ ಈವರೆಗೆ ಸಿಕ್ಕಿಲ್ಲ. ಆ ಪರಂಪರೆಗೆ ತಲೆಬಾಗಿ ಪ್ರಸ್ತುತ ಪ್ರಬಂಧವೂ ಒಂದೇ ಅಧ್ಯಯನಕ್ಕೆ ತೃಪ್ತಿಪಟ್ಟಿದೆ. ಅಧ್ಯಯನದ ವಸ್ತು, ನಾಗರಬಾವಿಯ ಬಾಡಿಗೆ ಮನೆಯೊಂದರ ಎರಡನೇ ಮಹಡಿಯಲ್ಲಿರುವ ಮೂರಡಿ ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಸಮುದ್ರವಿದೆ. ಸಮುದ್ರದೊಳಗೆ ಮೀನಿಲ್ಲ. ಮೀನೊಂದನ್ನು ಬಿಟ್ಟು ಉಳಿದೆಲ್ಲವೂ ಇದೆ ಎಂಬುದೇ ಸಂಶೋಧನಾ ಸಮಸ್ಯೆ.

ನಾಗರಬಾವಿಯೇ ಏಕೆ ಎಂದು ಪರೀಕ್ಷಕರು ಕೇಳಬಹುದು. ಕಾನೂನಿನ ತೊಡಕು ಎದುರಾದರೆ ಇಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಿದೆ. ಸಮಾಜ ಬದಲಾಗುತ್ತಿದೆಯೆಂಬ ಅನುಮಾನ ಬಂದರೆ ಅಳೆದು ಹೇಳಲು 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿದೆ. ಕಂಡದ್ದು ಗಿಡವೋ ಪ್ರಾಣಿಯೋ ತಿಳಿಯದಿದ್ದರೆ ಪಕ್ಕದಲ್ಲೇ ಜ್ಞಾನಭಾರತಿ. ಪ್ರಬಂಧಕಾರ ಈ ಮೂರರ ಗೇಟುಗಳ ಮುಂದೆಯೂ ಬೈಕಿನಲ್ಲಿ ಹಾದುಹೋಗಿದ್ದಾನೆ. ಅದನ್ನೇ ಅಂತರ್‌ಶಿಸ್ತೀಯ ಸಂಶೋಧನೆ ಎಂದು ಪರಿಗಣಿಸಬೇಕಾಗಿ ವಿನಂತಿ.

ಅಧ್ಯಾಯ 2: ಸಮುದ್ರ ನಿರ್ಮಾಣ ಪ್ರಕರಣ

ನದಿ ನೀರು ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ ಎಂಬ ಕಳವಳವನ್ನು ನಾಡಿನಲ್ಲಿ ವ್ಯಕ್ತಪಡಿಸದ ಪಕ್ಷವಿಲ್ಲ. ಪರಿಹಾರ ಮಾತ್ರ ನಾಗರಬಾವಿಯಲ್ಲಿದೆ. ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ಸುಮಾರು 100 ಕಿಲೋಮೀಟರ್ ಪೈಪಿನೊಳಗೆ ನಡೆದು, ಹಾರೋಹಳ್ಳಿಯಲ್ಲೊಮ್ಮೆ ತಾತಗುಣಿಯಲ್ಲೊಮ್ಮೆ ಪಂಪುಗಳಿಂದ ತಳ್ಳಿಸಿಕೊಂಡು, ಒಟ್ಟು 500 ಮೀಟರಿನಷ್ಟು ಮೇಲೇರಿ ಬೆಂಗಳೂರು ಸೇರುತ್ತದೆ. ಇಷ್ಟು ದೂರ ಬಂದವಳನ್ನು ಇಲ್ಲೇ ಉಪ್ಪು ಹಾಕಿ ಸಮುದ್ರವಾಗಿಸಿಬಿಟ್ಟರೆ ಬಂಗಾಳಕೊಲ್ಲಿಯವರೆಗಿನ ಪ್ರಯಾಣ ಉಳಿಯುತ್ತದೆ. ಈ ಯೋಜನೆಯಲ್ಲಿ ನದಿ ಸಮುದ್ರದ ಪಾಲಾಗುವುದಿಲ್ಲ, ಸಮುದ್ರವೇ ನದಿಯ ಪಾಲಿಗೆ ಬರುತ್ತದೆ. ನ್ಯಾಯಮಂಡಳಿಗಳು ಗಮನಿಸಬೇಕು.

ವಿಧಾನ ಹೀಗೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರಿನಲ್ಲಿ ಉಳಿದೆಲ್ಲ ಇರುತ್ತದೆ. ಆದ್ದರಿಂದ ಎರಡನ್ನೂ ಆರ್‌ಓ ಯಂತ್ರಕ್ಕೂ ಅದರ ಮುಂದಿನ ರೆಸಿನ್ ಕೊಳವೆಗೂ ಹಾಯಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ತನಕ ಬಿಡಬಾರದು. ಬಳಿಕ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದುಪ್ಪಿನ ಮಿಶ್ರಣ ಬೆರೆಸಬೇಕು. 190 ಲೀಟರಿನ ತೊಟ್ಟಿಗೆ ಆರೂವರೆ ಕಿಲೋ ಮೀರುತ್ತದೆ. ಸಾಪೇಕ್ಷ ಸಾಂದ್ರತೆ 1.025ಕ್ಕೆ ನಿಂತರೆ ಅಲ್ಲಿಗೆ ಸಮುದ್ರ.

ಇಲ್ಲಿ ಮಿತವ್ಯಯಿಯೊಬ್ಬ ಎದ್ದು, “ಅಂಗಡಿಯ ಆ ದುಬಾರಿ ಪೊಟ್ಟಣವೇಕೆ? ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಹರಳುಪ್ಪು ಸಾಲದೇ? ಅದೂ ಸಮುದ್ರದ್ದೇ ಅಲ್ಲವೇ?” ಎಂದು ಕೇಳುವನು. ಸಾಲದು. ಉಪ್ಪಿನ ಗದ್ದೆಯಲ್ಲಿ ನೀರು ಆರುತ್ತ ಹೋದಂತೆ ಸುಣ್ಣದಂಶ ಮೊದಲೇ ತಳಕ್ಕಿಳಿಯುತ್ತದೆ, ಬಳಿಕ ಅಡುಗೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ ಕೊನೆಗುಳಿದ ಕಹಿ ನೀರಿನಲ್ಲೇ ನಿಲ್ಲುತ್ತದೆ. ಉಪ್ಪಿನಕಾಯಿಗೆ ಬೇಕಾದದ್ದು ಹರಳಿನಲ್ಲಿದೆ. ಹವಳಕ್ಕೆ ಬೇಕಾದದ್ದು ಹಿಂದೆಯೇ ಉಳಿಯಿತು.

ಕಾನೂನಿನ ಪ್ರಶ್ನೆಯೊಂದು ಇಲ್ಲೇ ಏಳುತ್ತದೆ. 2024ರ ಮಾರ್ಚ್‌ನಲ್ಲಿ ನಗರಕ್ಕೆ ನೀರಿನ ಬರ ಬಂದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ, ಕಾರಂಜಿ ಹಾರಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಆ ಪಟ್ಟಿಯಲ್ಲಿ ಸಮುದ್ರ ನಿರ್ಮಾಣದ ಹೆಸರಿರಲಿಲ್ಲ. ಆದರೂ ಆರ್‌ಓ ಯಂತ್ರ ಒಂದು ಬಕೆಟ್ ಶುದ್ಧ ನೀರಿಗೆ ಮೂರು ಬಕೆಟ್ ನೀರನ್ನು ಹೊರಹಾಕುವ ಜಾತಿಯದು. ಆ ಮೂರನ್ನೂ ಬಚ್ಚಲಿಗೂ ನೆಲ ಒರೆಸುವುದಕ್ಕೂ ಇಡುವವನಿಗೆ ಮಾತ್ರ ಈ ಶಾಸ್ತ್ರದಲ್ಲಿ ಅಧಿಕಾರ.

ಅಧ್ಯಾಯ 3: ಪೂರ್ವಸೂರಿಗಳು

ಪೂರ್ವಸೂರಿಗಳನ್ನು ನೆನೆಯದೆ ಮುಂದುವರಿದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. 1846ರಲ್ಲಿ ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿಯ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿನ ಮನೆಗೆ ತಂದರು. ಪಂಪಿಲ್ಲದ ಕಾಲ. ನೀರಿಗೆ ಗಾಳಿ ಬೆರೆಯಬೇಕೆಂದು ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಇತಿಹಾಸ ಒಡತಿಯ ಹೆಸರನ್ನು ಬರೆದಿಟ್ಟುಕೊಂಡಿತು. ಗಾಳಿ ಬೆರೆಸಿದ ರಟ್ಟೆಯನ್ನು ಈ ಪ್ರಬಂಧ ನೆನೆಯುತ್ತದೆ. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಗ್ರಂಥ ಬರೆದು ಇಂಗ್ಲೆಂಡಿನ ಮಧ್ಯಮ ವರ್ಗಕ್ಕೆಲ್ಲ ಈ ಹುಚ್ಚು ಹಿಡಿಸಿದ. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್, ಜೀವ ತುಂಬಿದ ಕಡಲಕಲ್ಲನ್ನೇ ತೊಟ್ಟಿಗಿಟ್ಟರೆ ಅರ್ಧ ಕೆಲಸ ಅದೇ ಮಾಡುತ್ತದೆ ಎಂದು ಬರೆದು ತೋರಿಸಿದ. ಕಲ್ಲಿನೊಂದಿಗೆ ಕಲ್ಲಿನೊಳಗಿನವರೂ ಬಂದರು. ನಮ್ಮ ಪ್ರಬಂಧದ ಎರಡನೇ ಭಾಗ ಅಲ್ಲಿಂದಲೇ ಹುಟ್ಟಿದೆ.

ಸ್ವದೇಶಿ ಪೂರ್ವಸೂರಿಗಳಲ್ಲಿ ಸರ್ವಜ್ಞನನ್ನು ಬಿಡುವಂತಿಲ್ಲ. ಕರೆಯದೆ ಬರುವವರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಆತ ತ್ರಿಪದಿಯಲ್ಲೇ ನಿಗದಿಪಡಿಸಿದ್ದಾನೆ. ಆದರೆ ಆತ ಸೂಚಿಸಿದ ಆಯುಧವನ್ನು ಕಾಲಿನಿಂದ ಕಳಚಿ ನೀರೊಳಗೆ ಬೀಸಲಾಗದು. ಬೀಸಿದರೂ ಗಾಜು ಒಡೆಯುವುದೇ ಮೊದಲು.

ಅಧ್ಯಾಯ 4: ಬಡಾವಣೆ ಸಿದ್ಧಾಂತ

ಹೊಸ ತೊಟ್ಟಿಯ ಚರಿತ್ರೆಯೂ ಹೊಸ ಬಡಾವಣೆಯ ಚರಿತ್ರೆಯೂ ಒಂದೇ. ಇದು ಪ್ರಬಂಧದ ಮೂಲ ಸಿದ್ಧಾಂತ. ಮುಂದಿನ ವಿದ್ವಾಂಸರು ಇದನ್ನು ‘ನಾಗರಬಾವಿ ಪಂಥ’ವೆಂದು ಕರೆದರೆ ಪ್ರಬಂಧಕಾರ ಅಡ್ಡಿಪಡಿಸುವುದಿಲ್ಲ. ಪ್ರಾಧಿಕಾರ ಸೈಟು ಹಂಚಿ ಕಲ್ಲು ನೆಟ್ಟ ಮಾತ್ರಕ್ಕೆ ಬಡಾವಣೆಯಾಗುವುದಿಲ್ಲ. ಸೈಟಿನವನು ಬರುವ ಮುಂಚೆ ಪಾರ್ಥೇನಿಯಂ ಬರುತ್ತದೆ. ಅದರ ಹಿಂದೆ ಯಾರದೋ ಶೆಡ್ಡು, ಯಾರದೋ ಹಸು, ಪಕ್ಕದಲ್ಲಿ ಮನೆ ಕಟ್ಟುವವರ ಜಲ್ಲಿ. ಖಾಲಿ ಸೈಟು ಖಾಲಿ ಇದ್ದದ್ದು ಎಲ್ಲಿಯೂ ಉಂಟೆ? ಆದ್ದರಿಂದ ಪ್ರಮೇಯ ಒಂದು: ಹೊಸ ತೊಟ್ಟಿಯ ಪಾಚಿ ಕೊಳೆಯ ಲಕ್ಷಣವಲ್ಲ, ಖಾಲಿತನದ ಲಕ್ಷಣ.

ಮೊದಲು ಬಂದು ನೆಲೆಸುವವರು ಕಣ್ಣಿಗೆ ಕಾಣುವುದಿಲ್ಲ. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಮತ್ತೊಂದು ಜಾತಿಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. 1890ರ ಹೊತ್ತಿಗೆ ಸೆರ್ಗೈ ವಿನೊಗ್ರಾಡ್‌ಸ್ಕಿ ಈ ಕಡತ ವಿಲೇವಾರಿಯನ್ನು ಪತ್ತೆ ಹಚ್ಚಿದ. ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಕಡತ ಸರಿಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟರೊಳಗೆ ಮೀನು ಬಿಟ್ಟವನಿಗೆ ಮೀನಿನ ಶ್ರಾದ್ಧವೇ ಫಲ. ಈ ಕಚೇರಿಯಲ್ಲಿ ಕೈಬಿಸಿ ಮಾಡಿದರೂ ಕಡತ ಬೇಗ ಸರಿಯುವುದಿಲ್ಲ ಎಂಬುದು ನಗರವಾಸಿಗಳಿಗೆ ಹೊಸ ಅನುಭವ.

ಕಣ್ಣಿಗೆ ಬೀಳುವ ಮೊದಲಿಗರು ಕಂದು ಬಣ್ಣದ ಡಯಾಟಮ್‌ಗಳು. ಬಿಳಿ ಮರಳಿನ ಮೇಲೆ ಕಾಫಿಪುಡಿ ಚೆಲ್ಲಿತೆಂದು ಹೊಸಬ ಹೌಹಾರುತ್ತಾನೆ. ಇವುಗಳ ಮೈಕವಚ ಸಿಲಿಕಾದ್ದು, ಅಂದರೆ ಗಾಜಿನ ವಸ್ತುವೇ. ಬೆಂಗಳೂರಿನ ಅಡಿಪಾಯವೇ ಗ್ರಾನೈಟು ಮತ್ತು ನೈಸ್ ಶಿಲೆ. ಅದರ ಬಿರುಕುಗಳಲ್ಲಿ ನಿಂತ ಬೋರ್‌ವೆಲ್ ನೀರು ಕರಗಿದ ಸಿಲಿಕಾ ಹೊತ್ತೇ ಮೇಲೆ ಬರುತ್ತದೆ. ಹಾಗಾಗಿ ಆರ್‌ಓ ಬಿಟ್ಟವರ ತೊಟ್ಟಿಯಲ್ಲಿ ಡಯಾಟಮ್ ಕಂಡರೆ ಅದು ದುರದೃಷ್ಟವಲ್ಲ, ಭೂವಿಜ್ಞಾನ. ಸಿಲಿಕಾ ಮುಗಿದರೆ ಇವೂ ಮುಗಿಯುತ್ತವೆ. ಅಳಿಸಲು ಹೊರಟವನಿಗೆ ರಟ್ಟೆನೋವು, ಸುಮ್ಮನಿದ್ದವನಿಗೆ ಅದೇ ಫಲ.

ಎರಡನೆಯದು ಹಸಿರು ಕೂದಲು ಪಾಚಿ, ಡೆರ್ಬೀಸಿಯಾ ಮತ್ತದರ ಬಳಗ. ಇದರ ಆಹಾರ ನೈಟ್ರೇಟು ಮತ್ತು ಫಾಸ್ಫೇಟು. ನಗರದ ಕೆರೆಗಳು ಹಸಿರಾಗುವುದೂ ಇದೇ ಲೆಕ್ಕದಲ್ಲಿ. ಕೊಳಚೆಯ ಸಾರಜನಕ, ಸೋಪಿನ ರಂಜಕ, ಮೇಲೆ ಬಿಸಿಲು. ತೊಟ್ಟಿಯಲ್ಲಿ ಈ ಸಾರವನ್ನು ತೆಗೆಯಲು ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರವಿದೆ. ಅದು ನೀರಿಗೆ ಸಣ್ಣ ಗುಳ್ಳೆ ಊದಿ, ಜಿಡ್ಡನ್ನೆಲ್ಲ ನೊರೆಯಾಗಿ ಎಬ್ಬಿಸಿ, ಬಟ್ಟಲಿಗೆ ತುಂಬುತ್ತದೆ. 2015ರಲ್ಲಿ ನೊರೆಯೆದ್ದು ಬೆಂಕಿಯೂ ಹೊತ್ತಿದ ಬೆಳ್ಳಂದೂರು ಕೆರೆ ತಾಂತ್ರಿಕವಾಗಿ ನಾಡಿನ ಅತಿದೊಡ್ಡ ಸ್ಕಿಮ್ಮರ್. ಬಟ್ಟಲನ್ನು ಜೋಡಿಸುವುದೊಂದು ಮರೆತುಹೋಗಿತ್ತು.

ಮೂರನೆಯದು ಮರಳಿನ ಮೇಲೆ ಕೆಂಪು ಜಮಖಾನೆ ಹಾಸಿ, ಗುಳ್ಳೆ ಬಿಡುತ್ತ ಮಲಗುವ ಸಯನೋಬ್ಯಾಕ್ಟೀರಿಯಾ. ಹೆಸರಿಗೆ ಪಾಚಿ, ಕುಲದಲ್ಲಿ ಬ್ಯಾಕ್ಟೀರಿಯಾ. ಇದನ್ನು ‘ಹೊರಗಿನಿಂದ ಬಂದದ್ದು’ ಎಂದು ಬೈಯುವವರು ಚಿತ್ರದುರ್ಗಕ್ಕೆ ಹೋಗಿ ಬರಬೇಕು. ಅಲ್ಲಿನ ಶಿಸ್ಟ್ ಶಿಲಾಪಟ್ಟಿಯ ಸ್ಟ್ರೊಮ್ಯಾಟೊಲೈಟ್‌ಗಳು, ಅಂದರೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲುಗಳು, 250 ಕೋಟಿ ವರ್ಷಕ್ಕೂ ಹಳೆಯವು. ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದೂ ಇದೇ ಸಯನೋಬ್ಯಾಕ್ಟೀರಿಯಾ ವಂಶ. ಸರೋಜಿನಿ ಮಹಿಷಿ ವರದಿಯ ಯಾವ ಮಾನದಂಡ ಹಿಡಿದರೂ ಇದಕ್ಕಿಂತ ಸ್ಥಳೀಯರು ಸಿಗುವುದಿಲ್ಲ. ಮಣ್ಣಿನ ಮಗನೆನ್ನಲು ಒಂದೇ ಅಡ್ಡಿ, ಇದು ಬಂದಾಗ ಮಣ್ಣೇ ಸರಿಯಾಗಿ ಆಗಿರಲಿಲ್ಲ. ನೀರಿನ ಓಟ ಹೆಚ್ಚಿಸಿ, ಹಾಸನ್ನು ಕೊಳವೆಯಿಂದ ಹೀರಿ ತೆಗೆದರೆ ಹಿಂಜರಿಯುತ್ತದೆ. ಎರಡು ಸಾವಿರ ಚಿಲ್ಲರೆ ಮಿಲಿಯನ್ ವರ್ಷ ಕಾದದ್ದು, ಪೂರ್ತಿ ಹೋಗುತ್ತದೆಂದು ನಿರೀಕ್ಷಿಸುವುದು ಅಹಂಕಾರ.

ಈ ಮೂರನ್ನೂ ಕಂಡು ಕೆರಳಿದವನು ನಾಲ್ಕನೆಯದನ್ನು ಕೈಯಾರೆ ಕರೆಸಿಕೊಳ್ಳುತ್ತಾನೆ. ಫಾಸ್ಫೇಟ್ ಹೀರುವ ಪುಡಿ ಸುರಿದು, ಮೇಲಿಂದ ಮೇಲೆ ನೀರು ಬದಲಿಸಿ, ನೈಟ್ರೇಟು ಫಾಸ್ಫೇಟು ಎರಡನ್ನೂ ಸೊನ್ನೆಗಿಳಿಸುತ್ತಾನೆ. ಪಾಚಿ ಉಪವಾಸ ಬೀಳುತ್ತದೆ. ಆಗ ಉಪವಾಸದಲ್ಲೇ ಕೊಬ್ಬುವ ಡೈನೋಫ್ಲಾಜೆಲೇಟ್‌ಗಳು ಪ್ರವೇಶ ಮಾಡುತ್ತವೆ. ಕಂದು ಸಿಂಬಳದೆಳೆ, ಎಳೆಯ ತುದಿಗೊಂದು ಗುಳ್ಳೆ. ಕೆಲವು ಜಾತಿಗಳು ವಿಷಕಾರಿ, ಮೇಯಲು ಬಂದ ಶಂಖದಹುಳು ಮೇಯುತ್ತಲೇ ಮಗುಚಿ ಬೀಳುತ್ತದೆ. ಇದರಿಂದ ಪ್ರಮೇಯ ಎರಡು: ಅತಿಯಾದ ಶುಚಿತ್ವ ಇನ್ನೊಂದು ಬಗೆಯ ಖಾಲಿತನ. ಸಾಮಾನ್ಯ ಪೋಕರಿಗಳನ್ನೆಲ್ಲ ಓಡಿಸಿದ ಬೀದಿಗೆ ಭೂಗಳ್ಳರೇ ಬರುತ್ತಾರೆ. ಮದ್ದು ವಿಚಿತ್ರವಾದರೂ ನಿಜ, ನೈಟ್ರೇಟನ್ನೂ ಫಾಸ್ಫೇಟನ್ನೂ ಒಂದಿಷ್ಟು ಮೇಲೇರಿಸಿ, ಓಡಿಸಿದ ಪಾಚಿಯನ್ನೇ ಮರಳಿ ಕರೆಯಬೇಕು.

ಅಧ್ಯಾಯ 5: ಅನಧಿಕೃತ ವಾಸಿಗಳ ಖಾತಾ ವಿಂಗಡಣೆ

ಭಾರತದಲ್ಲಿ ಗಟ್ಟಿ ಹವಳಗಳೆಲ್ಲ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ. ಹುಲಿಗೆ ಯಾವ ಸ್ಥಾನವೋ ಹವಳಕ್ಕೂ ಅದೇ ಸ್ಥಾನ. ಆದ್ದರಿಂದ ಲೀ ಚಿನ್ ಎಂಗ್‌ನಂತೆ ದಿಬ್ಬದಿಂದ ಕಲ್ಲು ಕಿತ್ತು ತರುವ ಮಾತಿಲ್ಲ. ನಾಗರಬಾವಿಯ ತೊಟ್ಟಿಗೆ ಸಿಮೆಂಟಿನಲ್ಲಿ ಎರಕ ಹೊಯ್ದ ಒಣ ಕಲ್ಲೇ ಗತಿ. ಒಣ ಕಲ್ಲಿನಲ್ಲಿ ಯಾರೂ ಬರುವುದಿಲ್ಲ ಎಂದು ನಿಶ್ಚಿಂತೆಯಿಂದಿರುವಾಗ, ಹಳೆಯ ತೊಟ್ಟಿಯ ಗೆಳೆಯನೊಬ್ಬ ಪ್ರೀತಿಯಿಂದ ಒಂದು ಹಿಡಿ ಕೀಟೊ ಪಾಚಿ ಕೊಡುತ್ತಾನೆ. ಆ ಹಿಡಿಯೊಳಗೆ ಒಂದು ಗ್ರಾಮ ಪಂಚಾಯಿತಿಗೆ ಸಾಕಾಗುವಷ್ಟು ಮತದಾರರಿರುತ್ತಾರೆ. ನಗರಾಡಳಿತದ ಪರಿಭಾಷೆಯಲ್ಲೇ ಅವರನ್ನು ಮೂರಾಗಿ ವಿಂಗಡಿಸಬಹುದು.

ಎ ಖಾತಾದವರು: ಕೋಪೆಪಾಡ್, ಆಂಫಿಪಾಡ್ ಎಂಬ ಚುಕ್ಕಿ ಗಾತ್ರದ ಸಂಧಿಪದಿಗಳು, ಸ್ಟೊಮಟೆಲ್ಲ ಎಂಬ ಬಸವನಹುಳು, ಎಳೆಗಾಲಿನ ಕಡಲನಕ್ಷತ್ರಗಳು. ಪಾಚಿ ಮೇಯುತ್ತಾರೆ, ಎಂಜಲು ಗುಡಿಸುತ್ತಾರೆ, ಮುಂದೆ ಬರುವ ಮೀನಿಗೆ ತಾವೇ ಊಟವಾಗುತ್ತಾರೆ. ತೆರಿಗೆ ಕಟ್ಟಿ, ಗುಂಡಿ ಮುಚ್ಚಿ, ಕೊನೆಗೆ ರಸ್ತೆ ಅಗಲೀಕರಣಕ್ಕೂ ಜಾಗ ಬಿಟ್ಟುಕೊಡುವ ಇಂಥ ನಾಗರಿಕರು ಬೇರೆಲ್ಲೂ ಸಿಗರು.

ಬಿ ಖಾತಾದವರು: ಮೈತುಂಬ ಮುಳ್ಳುಕೂದಲಿನ ಬ್ರಿಸಲ್ ಹುಳು ಮೊದಲನೆಯದು. ರಾತ್ರಿ ದೀಪ ಆರಿದ ಮೇಲೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಬೇಕು. ಕಲ್ಲಿನ ಸಂದಿಯಿಂದ ಕಿತ್ತಳೆ ಬಣ್ಣದ ತಲೆ ಮೊದಲು ಹೊರಬರುತ್ತದೆ. ಒಂದು ಗಳಿಗೆ ತಡೆದು, ಇಕ್ಕೆಲದ ಬಿಳಿ ಕೂದಲ ಗೊಂಚಲುಗಳನ್ನು ಅಲೆಯಲೆಯಾಗಿ ಆಡಿಸುತ್ತ, ಬಾಲದ ತುದಿಯನ್ನು ಮಾತ್ರ ಸಂದಿಯಲ್ಲೇ ಉಳಿಸಿ ಚಾಚಿಕೊಳ್ಳುತ್ತದೆ. ಉಳಿದ ಆಹಾರದ ಚೂರೊಂದು ಸಿಕ್ಕಿದ್ದೇ ತಡ, ಬಿಟ್ಟ ರಬ್ಬರಿನ ವೇಗದಲ್ಲಿ ಒಳಗೆ. ನೋಡಿದವನಿಗೆ ಅನ್ನ ಸೇರುವುದಿಲ್ಲ, ಆದರೆ ಇದರಲ್ಲಿ ಬಹುಪಾಲು ಜಾತಿಗಳು ನಿರುಪದ್ರವಿ ಜಾಡಮಾಲಿಗಳು. ಬರಿಗೈಯಲ್ಲಿ ಮುಟ್ಟಬಾರದು ಅಷ್ಟೆ. ಮುಟ್ಟಿದರೆ ಚುಚ್ಚಿದ ಕೂದಲುಗಳನ್ನು ಅಂಟುಟೇಪಿನಿಂದ ಎಬ್ಬಿಸಬೇಕು. ಇವು ಹೆಚ್ಚಾದರೆ ಹುಳುವಿನ ಮೇಲೆ ದೂರಿಲ್ಲ, ಮೇವು ಹಾಕುವ ಕೈ ದೊಡ್ಡದಾಯಿತೆಂದು ತಿಳಿಯಬೇಕು. ತನ್ನನ್ನೇ ತುಂಡರಿಸಿಕೊಂಡು ಸಂತಾನ ಹೆಚ್ಚಿಸುವ ಆಸ್ಟರಿನಾ ನಕ್ಷತ್ರವೂ ಈ ವರ್ಗದ್ದೇ. ‘ಅಕ್ರಮ–ಸಕ್ರಮ’ಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟ ಬಳಿಕ ನಗರದ ಎಷ್ಟೋ ಕಟ್ಟಡಗಳು ಅತ್ತ ಕೆಡವಲೂ ಆಗದೆ ಇತ್ತ ಒಪ್ಪಲೂ ಆಗದೆ ನಿಂತವಲ್ಲ, ಇವರ ಸ್ಥಿತಿಯೂ ಹಾಗೆಯೇ.

ನೋಟಿಸಿಲ್ಲದೆ ತೆರವಾಗಬೇಕಾದವರು: ಐಪ್ಟೇಸಿಯಾ ಎಂಬ ಪಾರದರ್ಶಕ ಕಡಲಹೂವು ಇವರ ನಾಯಕ. ಕತ್ತರಿಸಿದರೆ ತುಂಡು ತುಂಡೂ ಹೊಸ ಐಪ್ಟೇಸಿಯಾ. ದೇವಿ ಮಹಾತ್ಮೆ ಓದಿದವರಿಗೆ ಪರಿಚಯ ಬೇಡ, ಇದು ರಕ್ತಬೀಜಾಸುರನ ಜಲಾವತಾರ. ಅವನ ರಕ್ತ ನೆಲಕ್ಕೆ ಬೀಳುವ ಮುನ್ನವೇ ಕಾಳಿ ನಾಲಗೆ ಚಾಚಿದಳು. ನಮಗಿರುವುದು ಸಿರಿಂಜು ಮತ್ತು ಸುಣ್ಣ. ಪಂಪು ನಿಲ್ಲಿಸಿ, ಗಟ್ಟಿಯಾಗಿ ಕಲಸಿದ ಸುಣ್ಣವನ್ನು ಅದರ ಬಾಯ ಮೇಲೆ ಮೆಲ್ಲಗೆ ಹಿಂಡಿದರೆ ತಿಂಡಿಯೆಂದು ನುಂಗಿ ಬೇಯುತ್ತದೆ. ಜರ್ಮನ್ ಹೆಸರಿನಲ್ಲಿ ದುಬಾರಿಗೆ ಮಾರುವ ಈ ಮದ್ದು ರಾಸಾಯನಿಕವಾಗಿ ವೀಳ್ಯದೆಲೆಗೆ ಸವರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ. ಒಮ್ಮೆಗೆ ಒಂದೆರಡಕ್ಕೆ ಮಾತ್ರ, ಹೆಚ್ಚಾದರೆ ನೀರಿನ ಕ್ಷಾರ ಏರಿ ಸುಣ್ಣ ಹಚ್ಚಿದವನ ಬಾಯಿಯೂ ಸುಡುತ್ತದೆ. ಅಹಿಂಸಾವಾದಿಗಳಿಗೆ ಪೆಪ್ಪರ್‌ಮಿಂಟ್ ಸೀಗಡಿಯಿದೆ, ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನದ ಬರ್ಗಿಯಾ ಎಂಬ ಕಡಲ ಗೊಂಡೆಹುಳುವಿದೆ. ಹಿಂಸೆಯನ್ನು ಹೊರಗುತ್ತಿಗೆಗೆ ಕೊಟ್ಟರೆ ಅಹಿಂಸೆ ಎನಿಸುತ್ತದೆಯೇ ಎಂಬುದು ಬೇರೊಂದು ಅಧ್ಯಯನ.

ರಾತ್ರಿ ಕಲ್ಲಿನೊಳಗಿನಿಂದ ಟಕ್ ಎಂದು ಸದ್ದಾದರೆ ಪಿಸ್ತೂಲು ಸೀಗಡಿಯಿರಬಹುದು, ಮ್ಯಾಂಟಿಸ್ ಸೀಗಡಿಯಿರಬಹುದು. ಮೊದಲನೆಯದು ಸಹ್ಯ, ಎರಡನೆಯದು ಉಳಿದವರನ್ನೆಲ್ಲ ಮುಗಿಸುತ್ತದೆ. ಸದ್ದೇ ಮಾಡದವರೂ ಉಂಟು: 2009ರಲ್ಲಿ ಇಂಗ್ಲೆಂಡಿನ ನ್ಯೂಕೀ ಊರಿನ ಮತ್ಸ್ಯಾಲಯದಲ್ಲಿ ಮೀನುಗಳು ಗಾಯಗೊಳ್ಳುತ್ತ ಹೋಗಿ, ಕಾರಣ ಹುಡುಕಲು ಕಲ್ಲು ಕಲ್ಲನ್ನೂ ಬಿಚ್ಚಿದಾಗ ಸುಮಾರು 1.2 ಮೀಟರ್ ಉದ್ದದ ಹುಳು ಸಿಕ್ಕಿತು. ಬಾಡಿಗೆದಾರರ ಪೂರ್ವಾಪರ ವಿಚಾರಿಸಿ ಎಂದು ಪೊಲೀಸರು ಹೇಳುವುದು ಇದಕ್ಕೇ.

ಅಧ್ಯಾಯ 6: ಪೂರ್ವಪಕ್ಷ

ಶಾಸ್ತ್ರಗ್ರಂಥಕ್ಕೆ ಪ್ರತಿವಾದಿ ಬೇಕೇ ಬೇಕು. ಪ್ರಸ್ತುತ ಸಿದ್ಧಾಂತಕ್ಕೆ ಒಡ್ಡಿದ ಏಕೈಕ ಪ್ರಬಲ ಆಕ್ಷೇಪ ಮನೆ ಓನರ್ ಆಂಟಿಯದು. ನೀರಿನ ಬಿಲ್ ಹಿಡಿದು ಬಂದವರು ತೊಟ್ಟಿಯ ಮುಂದೆ ನಿಂತರು.

“ಏನಪ್ಪಾ, ಇಷ್ಟು ದುಡ್ಡು ಸುರಿದು ಪಾಚಿ ಸಾಕ್ತಾ ಇದೀಯ? ನಮ್ಮ ಟೆರೇಸ್ ಮೇಲೆ ಬೇಕಾದಷ್ಟಿತ್ತಲ್ಲ, ಕೇಳಿದ್ರೆ ಸುಮ್ನೆ ಕೊಡ್ತಿದ್ದೆ.”

“ಅದು ಮಳೆನೀರಿಂದು ಆಂಟಿ, ಇದು ಸಮುದ್ರದ್ದು.”

“ಮೀನೆಲ್ಲಿ?”

“ಇನ್ನೂ ಬಂದಿಲ್ಲ. ನೀರು ಹದಕ್ಕೆ ಬರಬೇಕು.”

“ಮತ್ತೆ ಅಲ್ಲಿ ಸರಸರ ಹೋಗ್ತಿರೋದೇನು?”

“ಅದು… ತಾನಾಗೇ ಬಂದಿದ್ದು ಆಂಟಿ.”

“ಎಷ್ಟಿದಾವೆ?”

“ಲೆಕ್ಕ ಸಿಗಲ್ಲ.”

“ಅಗ್ರಿಮೆಂಟಲ್ಲಿ ಇಬ್ರೇ ಅಂತ ಬರೆಸಿದ್ಯಲ್ಲಪ್ಪಾ!”

ಇದಕ್ಕೆ ಸಮಾಧಾನವನ್ನು ಯಾವ ಭಾಷ್ಯಕಾರನೂ ಬರೆದಿಲ್ಲ. ಆಂಟಿ ಹೊರಡುವ ಮುನ್ನ ತೊಟ್ಟಿಯ ಹಿಂದಿನ ಗೋಡೆಯ ಮೇಲೆ ಬೆರಳಾಡಿಸಿದರು. ನೀರು ಸಿಡಿದು ಆರಿ, ಅಂಚಿನಿಂದ ಗೋಡೆಗೂ ಹತ್ತಿದ ಉಪ್ಪು ಬಿಳಿ ಹೊಪ್ಪಳೆಯಾಗಿ ಉದುರಿತು. ಏನೂ ಮಾತಾಡಲಿಲ್ಲ. ಬೆರಳನ್ನು ಮಾತ್ರ ಬಹಳ ಹೊತ್ತು ನೋಡಿಕೊಂಡರು.

ಅಧ್ಯಾಯ 7: ವಿಧಿ–ನಿಷೇಧಗಳು

ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು. ಅತಿಥಿಗಳು ಬಂದಾಗ ತೋರಿಸಲೆಂದು ಹಚ್ಚಿದ ದೀಪ ಪಾಚಿಯ ಖಾತೆಗೆ ಜಮೆಯಾಗುತ್ತದೆ. ವಾರಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ನೀರು ಬದಲಿಸಬೇಕು. ಆವಿಯಾದ ನೀರಿಗೆ ಸಿಹಿನೀರನ್ನೇ ತುಂಬಬೇಕು, ಆವಿಯೊಂದಿಗೆ ಉಪ್ಪು ಹೋಗಿರುವುದಿಲ್ಲ. ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಇದ್ದರೆ ಅದು ಕೊಳೆಯಲ್ಲ, ಜೀವನ. ಸೊನ್ನೆಯನ್ನು ಬ್ರಹ್ಮಗುಪ್ತನ ನಾಡಿನವರು ಗೌರವಿಸಬೇಕು, ತೊಟ್ಟಿಯಲ್ಲಿ ಸಾಧಿಸಬಾರದು. ತೊಟ್ಟಿಗೆ ಜೋಡಿಸಿದ ಕೆಳಗಿನ ಸಂಪಿನಲ್ಲಿ ಕೀಟೊ ಪಾಚಿ ಬೆಳೆಸಿ ಆಗಾಗ ಕಿತ್ತು ತೆಗೆದರೆ ಮೇಲಿನ ಪಾಚಿಗೆ ಮೇವು ಸಿಗುವುದಿಲ್ಲ, ಪಾಚಿಗೆ ಪಾಚಿಯೇ ಮದ್ದು. ಹೊಸದಾಗಿ ಬರುವ ಯಾವುದನ್ನೂ ನೇರ ಒಳಗೆ ಬಿಡದೆ ಬೇರೆ ಬಕೆಟ್ಟಿನಲ್ಲಿ ಇಟ್ಟು ನೋಡಬೇಕು.

ತೊಟ್ಟಿ ಸಾಕೆನಿಸಿದರೆ ಕಿತ್ತದ್ದನ್ನು ಕೆರೆಗೂ ಕಡಲಿಗೂ ಎಸೆಯಬಾರದು. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲಿ ಕಾಲರ್ಪ ಎಂಬ ತೊಟ್ಟಿಪಾಚಿ ಒಂದು ಚದರ ಮೀಟರಿನಷ್ಟು ಕಾಣಿಸಿಕೊಂಡಿತು. ಮುಂದೆ ಅದು ಮೆಡಿಟರೇನಿಯನ್ ಕಡಲಡಿಯ ಸಾವಿರಾರು ಹೆಕ್ಟೇರಿಗೆ ಹಬ್ಬಿತು. ನಮ್ಮ ತೊಟ್ಟಿಗೆ ಕರೆಯದೆ ಬಂದವರನ್ನು ಬೈಯುವ ನಾವೇ ಅಲ್ಲಿ ಕರೆಯದವರನ್ನು ಕಳಿಸಿಕೊಟ್ಟವರು.

ಸಿದ್ಧಾಂತದ ಸಾರ: ಬಡಾವಣೆಯನ್ನು ಯಾರೂ ತೊಳೆದು ತೊಳೆದು ಊರು ಮಾಡಿಲ್ಲ. ತಕ್ಕವರು ಬಂದು ನೆಲೆಸುವ ತನಕ ತಗಾದೆ ಸಹಿಸಿ ಊರಾಗಿಸಿದ್ದಾರೆ. ಕೊನೆಗೊಂದು ದಿನ ಕಲ್ಲಿನ ಮೇಲೆ ಗುಲಾಬಿ ಮಚ್ಚೆ ಕಾಣುತ್ತದೆ. ಅದು ಸುಣ್ಣದ ಮೈಯ ಕೋರಲೀನ್, ಕಂಡವರೆಲ್ಲ ಮೆಚ್ಚುವ ಏಕೈಕ ಪಾಚಿ. ಅದು ಹರಡಿದಲ್ಲಿ ಉಳಿದ ಪಾಚಿಗಳಿಗೆ ಜಾಗ ಸಿಗುವುದು ಕಷ್ಟ.

ಫಲಶ್ರುತಿ

ಈ ಪ್ರಬಂಧವನ್ನು ಭಕ್ತಿಯಿಂದ ಓದಿ, ಗಾಜು ಉಜ್ಜುವ ಕೈಯನ್ನು ಹಿಡಿತದಲ್ಲಿಟ್ಟು, ಮೇವು ಹಾಕುವ ಕೈಯನ್ನು ಅದಕ್ಕಿಂತ ಬಿಗಿಯಾಗಿ ಹಿಡಿದವರಿಗೆ ಡಯಾಟಮ್ ತಾನಾಗಿ ತೊಲಗುವುದು, ಐಪ್ಟೇಸಿಯಾ ಸುಣ್ಣಕ್ಕೆ ಶರಣಾಗುವುದು, ಬ್ರಿಸಲ್ ಹುಳು ಮನೆಯವರಂತೆಯೇ ಕಾಣುವುದು, ಕಾಲಕ್ರಮದಲ್ಲಿ ಒಂದು ಜೋಡಿ ಮೀನೂ ಪ್ರಾಪ್ತವಾಗುವುದು. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಚಾರ್ಜು ಕಳೆಯದೆ ಅಡ್ವಾನ್ಸ್ ಪೂರ್ತಿ ವಾಪಸ್ ಬರುವುದೆಂಬ ಭರವಸೆಯನ್ನು ಮಾತ್ರ ಬೆಂಗಳೂರಿನಲ್ಲಿ ಯಾವ ಶಾಸ್ತ್ರವೂ ಕೊಟ್ಟಿಲ್ಲ.